ನಿಂತ ಕಾರನ್ನು ಹಿಡಿದಿಡುವ ಬ್ರೇಕು: ಅದರ ಯಂತ್ರಕ್ರಮವೂ ಅದನ್ನು ಕಲಿಯುವ ಬಗೆಯೂ

ಚಲಿಸುತ್ತಿರುವ ವಾಹನವನ್ನು ನಿಲ್ಲಿಸುವುದು ಒಂದು ಕೆಲಸ. ನಿಂತ ವಾಹನವನ್ನು ನಿಂತಲ್ಲಿಯೇ ಹಿಡಿದಿಡುವುದು ಮತ್ತೊಂದು ಕೆಲಸ. ಇವೆರಡನ್ನೂ ನಾವು ಬ್ರೇಕು ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಇವುಗಳಿಗಿರುವ ಭೇದವು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ಎತ್ತಿನ ಗಾಡಿಯ ಕಾಲದವರಿಗೆ ಈ ಭೇದವು ಚೆನ್ನಾಗಿ ತಿಳಿದಿತ್ತು. ದಿಬ್ಬವನ್ನೇರುವಾಗ ಎತ್ತುಗಳು ದಣಿದು ನಿಂತರೆ, ಗಾಡಿಯ ಹಿಂದೆ ನಡೆದು ಬರುತ್ತಿದ್ದವನು ಕೂಡಲೆ ಗಾಲಿಯ ಹಿಂಬದಿಗೆ ಒಂದು ಕಲ್ಲನ್ನು ಇಡುತ್ತಿದ್ದನು. ಗಾಡಿಯನ್ನು ನಿಲ್ಲಿಸಿದುದು ಎತ್ತು, ಹಿಡಿದುದು ಕಲ್ಲು. ಎತ್ತುಗಳು ಮತ್ತೆ ಹೆಗಲು ಕೊಟ್ಟು ಎಳೆದು, ಗಾಡಿ ಮುಂದಕ್ಕೆ ಸರಿದ ಮೇಲೆಯೇ ಆ ಕಲ್ಲನ್ನು ತೆಗೆಯುತ್ತಿದ್ದುದು. ಅದಕ್ಕೆ ಮುಂಚೆ ಅಲ್ಲ.

ಇಂದಿನ ಅನೇಕ ಕಾರುಗಳಲ್ಲಿ 'ಆಟೋ ಹೋಲ್ಡ್' ಅಥವಾ 'ಬ್ರೇಕ್ ಹೋಲ್ಡ್' ಎಂಬ ಹೆಸರಿನಿಂದ ಬಂದಿರುವ ಏರ್ಪಾಡು ಈ ಕಲ್ಲಿಡುವವನ ಕೆಲಸವನ್ನೇ ಮಾಡುತ್ತದೆ. ಚಾಲಕನು ಬ್ರೇಕಿನ ಪೆಡಲನ್ನು ಒತ್ತಿ ಕಾರನ್ನು ನಿಲ್ಲಿಸಿ, ಬಳಿಕ ಕಾಲನ್ನು ತೆಗೆದರೂ ಗಾಲಿಗಳ ಮೇಲಿನ ಹಿಡಿತವು ಸಡಿಲುವುದಿಲ್ಲ. ಆಕ್ಸಿಲರೇಟರನ್ನು ಒತ್ತಿದಾಗ ಮಾತ್ರ ಅದು ತಾನಾಗಿಯೇ ಬಿಡುತ್ತದೆ. ನೋಡುವುದಕ್ಕೆ ಇದು ಬಹು ಸರಳವಾದ ಸೌಕರ್ಯ. ಆದರೆ ಇದನ್ನು ಸರಿಯಾಗಿ ಬಳಸಲು ಕಲಿಯುವುದು, ತೋರುವಷ್ಟು ಸುಲಭವಲ್ಲ. ಈ ಏರ್ಪಾಡು ಯಾವ ಭೌತತತ್ತ್ವದ ಮೇಲೆ ನಿಂತಿದೆ, ಯಾವಾಗ ಹಿಡಿಯುತ್ತದೆ, ಯಾವಾಗ ಹಿಡಿಯುವುದಿಲ್ಲ, ಮನುಷ್ಯನ ಅಭ್ಯಾಸಬಲದ ಮೇಲೆ ಅದರ ಪರಿಣಾಮವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧. ಇಳಿಜಾರು ಮತ್ತು ಭಾರ

ಕೋಲಾರ, ಮಾಲೂರು, ಮುಳುಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನೆಲವನ್ನು ನಾವು ಬಯಲುಸೀಮೆ ಎನ್ನುತ್ತೇವೆ. ಆದರೆ ಈ ಬಯಲು ಹಲಗೆಯಂತೆ ಸಮನಾದುದಲ್ಲ. ಅಂತರಗಂಗೆಯ ಬೆಟ್ಟದ ಮೇಲಣ ತೇರಹಳ್ಳಿಗೆ ಹೋಗುವ ದಾರಿಯಂಥ ಏರುಗಳನ್ನು ಬಿಟ್ಟರೂ, ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಗಳು ಒಂದು ಕೆರೆಯ ಅಚ್ಚುಕಟ್ಟಿನಿಂದ ಮೇಲೆದ್ದು ಮತ್ತೊಂದು ಕೆರೆಯ ಅಚ್ಚುಕಟ್ಟಿಗೆ ಇಳಿಯುತ್ತವೆ. ಕೆಲವೆಡೆಗಳಲ್ಲಿ ಕೆರೆಯ ಏರಿಯ ಮೇಲೆಯೇ ಹತ್ತಿ ಹೋಗುತ್ತವೆ. ಹೀಗೆ ಕಣ್ಣಿಗೆ ಸಮವಾಗಿ ತೋರುವ ರಸ್ತೆಯೂ ನಿಜವಾಗಿ ಸಮವಾಗಿರುವುದು ಅಪೂರ್ವ.

ಇದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ೧,೨೦೦ ಕಿಲೋಗ್ರಾಂ ತೂಗುವ ಕಾರೊಂದು ಹತ್ತಕ್ಕೆ ಒಂದರಂತೆ ಏರುವ ದಿಬ್ಬದಲ್ಲಿ ನಿಂತಿದೆಯೆಂದು ಭಾವಿಸೋಣ. ಆಗ ಅದನ್ನು ಕೆಳಕ್ಕೆಳೆಯುವ ಬಲವು ಸುಮಾರು ೧೨೦ ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ಯಾವ ತಡೆಯೂ ಇಲ್ಲವೆಂದುಕೊಂಡರೆ, ಕಾರು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು ಅರ್ಧ ಮೀಟರೂ ಎರಡು ಸೆಕೆಂಡು ಕಳೆಯುವಷ್ಟರಲ್ಲಿ ಸುಮಾರು ೨ ಮೀಟರೂ ಹಿಂದಕ್ಕೆ ಉರುಳುತ್ತದೆ. ಕಾಲವು ಇಮ್ಮಡಿಯಾದರೆ ದೂರವು ನಾಲ್ಮಡಿಯಾಗುವುದೆಂಬ ನಿಯಮವನ್ನು ವಿದ್ಯಾರ್ಥಿಗಳು ಇಲ್ಲಿ ನೆನೆಯಬಹುದು. ಬ್ರೇಕಿನಿಂದ ಆಕ್ಸಿಲರೇಟರಿಗೆ ಬಲಗಾಲನ್ನು ಒಯ್ಯಲು ಅರ್ಧ ಸೆಕೆಂಡೋ ಒಂದು ಸೆಕೆಂಡೋ ಬೇಕಾಗುತ್ತದೆ. ಅಷ್ಟರಲ್ಲಿ ಆಗಬಹುದಾದ ಅನಾಹುತ ಆಗಿಯೇ ಹೋಗಬಹುದು.

ಇನ್ನು ಐವತ್ತಕ್ಕೆ ಒಂದರ ಏರನ್ನು ನೋಡೋಣ. ಇದನ್ನು ಕಣ್ಣು ಇಳಿಜಾರೆಂದು ಗುರುತಿಸುವುದೇ ಇಲ್ಲ. ಆದರೆ ಅಲ್ಲಿಯೂ ೨೪ ಕಿಲೋಗ್ರಾಂ ಭಾರದಷ್ಟು ಸೆಳೆತವಿರುತ್ತದೆ. ಒಳ್ಳೆಯ ಟಾರು ರಸ್ತೆಯ ಮೇಲೆ ಟೈರುಗಳು ಉರುಳುವುದಕ್ಕೆ ಒದಗುವ ತಡೆಯು ಕಾರಿನ ಭಾರದ ನೂರರಲ್ಲಿ ಒಂದು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು. ಎಂದರೆ ೧೨ರಿಂದ ೧೮ ಕಿಲೋಗ್ರಾಂ. ಸೆಳೆತವೇ ಹೆಚ್ಚಾಗಿರುವುದರಿಂದ ಕಾರು ಉರುಳತೊಡಗುತ್ತದೆ. ಮೊದಲು ಬಹು ನಿಧಾನವಾಗಿ, ಚಾಲಕನಿಗೆ ಅರಿವಿಗೆ ಬಾರದಂತೆ. ಅಪಾಯವು ಕಡಿದಾದ ದಿಬ್ಬದಲ್ಲಿ ಮಾತ್ರ ಇದೆಯೆಂದು ತಿಳಿಯುವುದು ತಪ್ಪು. ಕಡಿದಾದೆಡೆ ಚಾಲಕನು ಎಚ್ಚರವಾಗಿರುತ್ತಾನೆ. ಸಮವೆಂದು ತೋರಿದೆಡೆಯಲ್ಲಿಯೇ ಅವನು ಮೈಮರೆಯುವುದು.

೨. ಒತ್ತಡವನ್ನು ಕೂಡಿಡುವ ಕ್ರಮ

ಕಾರಿನ ಬ್ರೇಕು ಪಾಸ್ಕಲನ ನಿಯಮಕ್ಕೆ ಅನುಸಾರವಾಗಿ ಕೆಲಸಮಾಡುತ್ತದೆ. ಮುಚ್ಚಿದ ಪಾತ್ರೆಯೊಳಗಣ ದ್ರವದ ಒಂದೆಡೆ ಒತ್ತಡವನ್ನು ಹೇರಿದರೆ ಅದು ಕುಂದದೆ ಎಲ್ಲ ಕಡೆಗೂ ಹರಡುತ್ತದೆಯಷ್ಟೆ. ಪೆಡಲನ್ನು ಒತ್ತಿದಾಗ ಮುಖ್ಯ ಸಿಲಿಂಡರಿನ ಪಿಸ್ಟನ್ನು ಬ್ರೇಕಿನ ಎಣ್ಣೆಯನ್ನು ನೂಕುತ್ತದೆ. ಆ ಒತ್ತಡವು ಕೊಳವೆಗಳ ಮೂಲಕ ನಾಲ್ಕು ಗಾಲಿಗಳಿಗೂ ತಲಪಿ, ಬ್ರೇಕಿನ ಪ್ಯಾಡುಗಳು ತಿರುಗುವ ತಟ್ಟೆಯನ್ನು ಎರಡು ಪಕ್ಕಗಳಿಂದಲೂ ಅದುಮುತ್ತವೆ. ಕಾಲನ್ನು ತೆಗೆದರೆ ಎಣ್ಣೆಯು ಹಿಂದಕ್ಕೆ ಸರಿದು ಹಿಡಿತವು ಬಿಡುತ್ತದೆ.

ಹೀಗೆ ಹಿಂದಕ್ಕೆ ಸರಿಯುವ ದಾರಿಯನ್ನು ನಡುವೆ ಮುಚ್ಚಿಬಿಟ್ಟರೆ ಏನಾಗುತ್ತದೆ? ಗಾಲಿಗಳ ಕಡೆಯಲ್ಲಿ ಸೇರಿದ ಒತ್ತಡವು ಅಲ್ಲಿಯೇ ನಿಲ್ಲುತ್ತದೆ. ಕೆರೆಯ ತೂಬನ್ನು ಮುಚ್ಚಿದಾಗ ನೀರು ಹಿಂದೆ ನಿಲ್ಲುವಂತೆಯೇ ಇದು. ನೀರನ್ನು ಹಿಡಿದಿಡಲು ನೀರುಗಂಟಿಯು ಏರಿಯ ಮೇಲೆ ನಿಂತು ಶ್ರಮಪಡಬೇಕಾಗಿಲ್ಲ, ತೂಬು ಮುಚ್ಚಿದ್ದರಾಯಿತು. ಆಟೋ ಹೋಲ್ಡಿನ ಸಾರವೆಲ್ಲ ಇಷ್ಟೆ. ಕಾರು ಜಾರಿ ಪಕ್ಕಕ್ಕೆ ತಿರುಗದಂತೆ ಕಾಪಾಡುವ ಸ್ಥಿರತಾ ನಿಯಂತ್ರಣದ ಏರ್ಪಾಡಿನಲ್ಲಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟಗಳೂ ಒಂದು ಪಂಪೂ ಮೊದಲೇ ಇರುತ್ತವೆ. ಗಾಲಿಗಳ ವೇಗವು ಸೊನ್ನೆಯಾಯಿತೆಂದು ಸಂವೇದಕಗಳು ತಿಳಿಸಿದೊಡನೆ ಈ ಕವಾಟಗಳು ಮುಚ್ಚಿಕೊಳ್ಳುತ್ತವೆ. ಗಾಲಿಯು ತುಸು ಕದಲಿದಂತೆ ಕಂಡರೆ ಪಂಪು ಒತ್ತಡವನ್ನು ಹೆಚ್ಚಿಸುತ್ತದೆ. ಚಾಲಕನು ಆಕ್ಸಿಲರೇಟರನ್ನು ಒತ್ತಿ, ಆ ಇಳಿಜಾರಿಗೆ ಸಾಕಾಗುವಷ್ಟು ಎಳೆತವು ಎಂಜಿನಿನಿಂದ ಒದಗಿದ ಮೇಲೆ ಕವಾಟಗಳು ತೆರೆಯುತ್ತವೆ. ಎತ್ತು ಎಳೆದ ಮೇಲೆ ಕಲ್ಲನ್ನು ತೆಗೆಯುವ ಹಳೆಯ ವಿವೇಕವು ಇಲ್ಲಿ ಯಂತ್ರದಲ್ಲಿ ಅಡಕವಾಗಿದೆ.

ಆದರೆ ಕವಾಟಗಳನ್ನು ಮುಚ್ಚಿಯೇ ಇಡಲು ವಿದ್ಯುತ್ತು ಎಡೆಬಿಡದೆ ಹರಿಯುತ್ತಿರಬೇಕು. ಅದರಿಂದ ಸುರುಳಿಗಳು ಕಾಯುತ್ತವೆ. ಆದುದರಿಂದ ಈ ಹಿಡಿತವು ಅಲ್ಪಕಾಲದ್ದು. ಕೆಲವು ನಿಮಿಷಗಳು ಕಳೆದರೆ, ಅಥವಾ ಚಾಲಕನು ಸೀಟುಬೆಲ್ಟನ್ನು ಬಿಚ್ಚಿದರೆ, ಬಾಗಿಲನ್ನು ತೆರೆದರೆ, ಎಂಜಿನನ್ನು ಆರಿಸಿದರೆ, ಈ ಏರ್ಪಾಡು ಸಾಮಾನ್ಯವಾಗಿ ತನ್ನ ಹೊಣೆಯನ್ನು ವಿದ್ಯುತ್ ಪಾರ್ಕಿಂಗ್ ಬ್ರೇಕಿಗೆ ಒಪ್ಪಿಸುತ್ತದೆ. ಪಾರ್ಕಿಂಗ್ ಬ್ರೇಕಿನಲ್ಲಿ ಸಣ್ಣ ಮೋಟಾರೊಂದು ತಿರುಪನ್ನು ತಿರುಗಿಸಿ ಪ್ಯಾಡುಗಳನ್ನು ಬಿಗಿಯುತ್ತದೆ. ಒಮ್ಮೆ ಬಿಗಿದ ತಿರುಪು ವಿದ್ಯುತ್ತಿಲ್ಲದೆಯೂ ಹಾಗೆಯೇ ನಿಲ್ಲುತ್ತದೆ. ಎಂದರೆ ಆಟೋ ಹೋಲ್ಡು ಕೈಯಿಂದ ಹಿಡಿದಂತೆ; ಪಾರ್ಕಿಂಗ್ ಬ್ರೇಕು ಗಾಲಿಗೆ ಕಲ್ಲಿಟ್ಟಂತೆ. ಇವೆರಡನ್ನೂ ಒಂದೇ ಎಂದು ತಿಳಿಯುವುದು ಕಲಿಯುವವರು ಮಾಡುವ ಮೊದಲ ತಪ್ಪು.

೩. ಹಿಂದಿನ ಪ್ರಯತ್ನಗಳು

ಈ ಆಲೋಚನೆಯು ಹೊಸದೇನೂ ಅಲ್ಲ. ನಾಲ್ಕು ಗಾಲಿಗಳಿಗೂ ದ್ರವದ ಬ್ರೇಕನ್ನು ಅಳವಡಿಸಿದ ಡ್ಯೂಸೆನ್‌ಬರ್ಗ್ ಕಾರು ಅಮೆರಿಕದಲ್ಲಿ ಮಾರಾಟಕ್ಕೆ ಬಂದುದು ೧೯೨೧ರಲ್ಲಿ. ಅಲ್ಲಿಂದ ಹದಿನೈದು ವರ್ಷಗಳೊಳಗೆ, ೧೯೩೬ರಲ್ಲಿ, ಸ್ಟುಡ್‌ಬೇಕರ್ ಕಾರುಗಳಲ್ಲಿ 'ಹಿಲ್ ಹೋಲ್ಡರ್' ಎಂಬ ಸಾಧನವು ಕಾಣಿಸಿಕೊಂಡಿತು. ಬ್ರೇಕಿನ ಕೊಳವೆಯ ನಡುವೆ ಒಂದು ಸಣ್ಣ ಗುಂಡನ್ನು ಇಟ್ಟಿರುತ್ತಿದ್ದರು. ಕಾರು ಏರಿನಲ್ಲಿ ನಿಂತಾಗ ಆ ಗುಂಡು ತನ್ನ ಭಾರದಿಂದಲೇ ಹಿಂದಕ್ಕೆ ಉರುಳಿ ದಾರಿಯನ್ನು ಮುಚ್ಚುತ್ತಿತ್ತು; ಕ್ಲಚ್ಚನ್ನು ಒತ್ತಿಹಿಡಿದಿರುವವರೆಗೂ ಒತ್ತಡವು ನಿಲ್ಲುತ್ತಿತ್ತು. ಇಳಿಜಾರನ್ನು ಅಳೆಯುವ ಕೆಲಸವನ್ನೂ ದಾರಿಯನ್ನು ಮುಚ್ಚುವ ಕೆಲಸವನ್ನೂ ಒಂದೇ ಗುಂಡಿಗೆ ವಹಿಸಿದ ಆ ಜಾಣ್ಮೆ ಮೆಚ್ಚತಕ್ಕದ್ದು.

ಮುಂದೆ ೧೯೭೮ರಲ್ಲಿ, ಗಾಲಿಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಬಾಷ್ ಸಂಸ್ಥೆಯ ವಿದ್ಯುನ್ಮಾನ ಬ್ರೇಕು ಬಂದಿತು. ೧೯೯೫ರಲ್ಲಿ ಸ್ಥಿರತಾ ನಿಯಂತ್ರಣವು ಬಂದಿತು. ಬೇಕಾದ ಕವಾಟ, ಪಂಪು, ಸಂವೇದಕಗಳೆಲ್ಲ ಹೀಗೆ ಬೇರೆ ಉದ್ದೇಶಗಳಿಗಾಗಿ ಕಾರಿನೊಳಗೆ ಸೇರಿದ ಮೇಲೆ, ನಿಂತ ಕಾರನ್ನು ಹಿಡಿಯುವ ಕೆಲಸವನ್ನು ಅವುಗಳಿಗೇ ಕಲಿಸುವುದು ಹೆಚ್ಚು ವೆಚ್ಚದ ಮಾತಾಗಲಿಲ್ಲ. ಮೊದಲು ದುಬಾರಿ ಕಾರುಗಳಲ್ಲಿದ್ದ ಈ ಸೌಕರ್ಯವು ಈಗ ನಮ್ಮ ದೇಶದಲ್ಲಿ ಮಧ್ಯಮ ಬೆಲೆಯ ಕಾರುಗಳಿಗೂ ಇಳಿದು ಬಂದಿದೆ.

'ಹಿಲ್ ಅಸಿಸ್ಟ್' ಎಂಬ ಮತ್ತೊಂದು ಏರ್ಪಾಡು ಇದರ ಸಮೀಪದ್ದೇ ಆದರೂ ಇದೇ ಅಲ್ಲವೆಂಬುದನ್ನು ಗಮನಿಸಬೇಕು. ಅದು ಏರಿನಲ್ಲಿ ಮಾತ್ರ, ಅದೂ ಸಾಮಾನ್ಯವಾಗಿ ಎರಡು ಮೂರು ಸೆಕೆಂಡುಗಳ ಮಟ್ಟಿಗೆ, ಕಾಲು ಒಂದು ಪೆಡಲಿನಿಂದ ಮತ್ತೊಂದಕ್ಕೆ ಹೋಗುವಷ್ಟು ಹೊತ್ತು ಹಿಡಿದು, ಬಳಿಕ ಬಿಟ್ಟುಬಿಡುತ್ತದೆ. ಹಿಲ್ ಅಸಿಸ್ಟ್ ಇರುವ ಕಾರಿನಲ್ಲಿ ಆಟೋ ಹೋಲ್ಡ್ ಇದೆಯೆಂದು ನಂಬಿ ಕೂತವನನ್ನು ಆ ಎರಡು ಸೆಕೆಂಡುಗಳು ಮೋಸಗೊಳಿಸುತ್ತವೆ.

೪. ಕಾಲಿನ ಅರಿವು, ಕಣ್ಣಿನ ಅರಿವು

ಯಂತ್ರದ ಮಾತು ಇಷ್ಟು. ಇನ್ನು ಮನುಷ್ಯನ ಮಾತು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೫ನೆಯದು ಚಾಲನಾ ಪರೀಕ್ಷೆಗೆ ಸಂಬಂಧಿಸಿದುದು. ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಹಿಂದಕ್ಕೆ ಉರುಳಗೊಡದೆ ಮತ್ತೆ ಹೊರಡಿಸುವ ಸಾಮರ್ಥ್ಯವನ್ನು ಅದು ಅಭ್ಯರ್ಥಿಯಿಂದ ಅಪೇಕ್ಷಿಸುತ್ತದೆ. ಹಳೆಯ ಕಾರಿನಲ್ಲಿ ಇದು ಕೈ, ಎಡಗಾಲು, ಬಲಗಾಲು ಮೂರೂ ಕೂಡಿ ಮಾಡಬೇಕಾದ ಕೆಲಸವಾಗಿತ್ತು: ಹ್ಯಾಂಡ್ ಬ್ರೇಕನ್ನು ಎಳೆದು, ಕ್ಲಚ್ಚನ್ನು ಅರ್ಧ ಬಿಟ್ಟು, ಎಂಜಿನಿನ ದನಿ ಬದಲಾದುದನ್ನು ಕೇಳಿ, ಆಮೇಲೆ ಹ್ಯಾಂಡ್ ಬ್ರೇಕನ್ನು ಇಳಿಸಬೇಕು. ಇದನ್ನು ಕಲಿಯಲು ವಾರಗಳು ಹಿಡಿಯುತ್ತಿದ್ದುವು. ಆದರೆ ಕಲಿತವನ ಕಾಲಿಗೆ ಒಂದು ಬಗೆಯ ಅರಿವು ಬಂದಿರುತ್ತಿತ್ತು. ಕಾರು ನಿಂತಿದೆಯೇ, ಜಾರುತ್ತಿದೆಯೇ ಎಂಬುದನ್ನು ಅವನು ಅಂಗಾಲಿನಿಂದಲೇ ತಿಳಿಯುತ್ತಿದ್ದನು.

ಆಟೋ ಹೋಲ್ಡು ಕಾಲಿನ ಶ್ರಮವನ್ನು ತೆಗೆದುಕೊಳ್ಳುವಾಗ ಅದರ ಜೊತೆಯಲ್ಲಿಯೇ ಈ ಅರಿವನ್ನೂ ತೆಗೆದುಕೊಂಡುಬಿಡುತ್ತದೆ. ಪೆಡಲಿನ ಮೇಲಿಲ್ಲದ ಕಾಲಿಗೆ ಬ್ರೇಕು ಹಿಡಿದಿದೆಯೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಅದನ್ನು ತಿಳಿಸುವುದು ಈಗ ಚಾಲಕನ ಎದುರಿನ ಫಲಕದ ಮೇಲಿನ ಒಂದು ಸಣ್ಣ ದೀಪ. ಆದುದರಿಂದ ಕಲಿಯಬೇಕಾದ ಮುಖ್ಯ ವಿಷಯ ಇದು: ಕಾಲು ಬಿಟ್ಟುಕೊಟ್ಟ ಅರಿವನ್ನು ಕಣ್ಣು ವಹಿಸಿಕೊಳ್ಳಬೇಕು. ಗುಂಡಿಯನ್ನು ಒತ್ತಿದಾಗ ಏರ್ಪಾಡು ಸಿದ್ಧವಾಗುತ್ತದೆ, ಅಷ್ಟೆ. ಹಿಡಿಯುವುದು ಕಾರು ಪೂರ್ತಿಯಾಗಿ ನಿಂತ ಮೇಲೆ. 'ಸಿದ್ಧ' ಎಂಬ ಸ್ಥಿತಿ ಬೇರೆ, 'ಹಿಡಿದಿದೆ' ಎಂಬ ಸ್ಥಿತಿ ಬೇರೆ. ಕೆಲವು ಕಾರುಗಳಲ್ಲಿ ಮೊದಲನೆಯದಕ್ಕೆ ಬಿಳಿಯ ದೀಪ, ಎರಡನೆಯದಕ್ಕೆ ಹಸಿರು ದೀಪ. ಬೇರೆ ಕಾರುಗಳಲ್ಲಿ ಗುರುತು ಬೇರೆಯಾಗಿರುತ್ತದೆ. ಸೀಟುಬೆಲ್ಟನ್ನು ಹಾಕದಿದ್ದರೆ, ಅಥವಾ ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ಹಲವು ಕಾರುಗಳಲ್ಲಿ ಏರ್ಪಾಡು ಸಿದ್ಧವೇ ಆಗುವುದಿಲ್ಲ. ಎಂಜಿನನ್ನು ಆರಿಸಿ ಮತ್ತೆ ಹೊರಡಿಸಿದಾಗ ಹಿಂದಿನ ಆಯ್ಕೆಯು ಕೆಲವು ಕಾರುಗಳಲ್ಲಿ ಉಳಿದಿರುತ್ತದೆ, ಕೆಲವುಗಳಲ್ಲಿ ಅಳಿದುಹೋಗಿರುತ್ತದೆ. ಈ ಎಲ್ಲ ಸಂದರ್ಭಗಳಲ್ಲಿಯೂ ಕಾಲು ಮಾತ್ರ ಎಂದಿನಂತೆ ಮೇಲೇಳುತ್ತದೆ.

ಅಭ್ಯಾಸವು ಹೀಗೆ ಒಂದೆಡೆಯಿಂದ ಮತ್ತೊಂದೆಡೆಗೆ ಸಾಗುವ ಬಗೆಯನ್ನು ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ೧೯೦೧ರಲ್ಲಿಯೇ ವಿಚಾರಮಾಡಿದ್ದರು. ಎರಡು ಕೆಲಸಗಳಲ್ಲಿ ಸಮಾನವಾದ ಅಂಶಗಳು ಇರುವ ಮಟ್ಟಿಗೆ ಒಂದರ ಕಲಿಕೆಯು ಇನ್ನೊಂದಕ್ಕೆ ಒದಗುತ್ತದೆಂಬುದು ಅವರ ತಾತ್ಪರ್ಯ. ಆದರೆ ಪೆಡಲು ಒಂದೇ ಆಗಿದ್ದು, ಕಾಲನ್ನು ಎತ್ತಿದಾಗ ಆಗುವ ಫಲವು ಮಾತ್ರ ಬೇರೆಯಾಗಿದ್ದರೆ, ಹಿಂದಿನ ಕಲಿಕೆಯು ನೆರವಾಗುವುದರ ಬದಲು ಅಡ್ಡಿಯಾಗುತ್ತದೆ. ಯಂತ್ರವು ಹೆಚ್ಚು ಹೆಚ್ಚಾಗಿ ಕೆಲಸವನ್ನು ವಹಿಸಿಕೊಂಡಂತೆ ಮನುಷ್ಯನ ಕೌಶಲವು ಬಳಕೆಯಿಲ್ಲದೆ ಕ್ಷೀಣಿಸುತ್ತದೆ. ಯಂತ್ರವು ಕೈಕೊಟ್ಟ ಗಳಿಗೆಯಲ್ಲಿ ಬೇಕಾಗುವುದು ಆ ಕೌಶಲವೇ. ೧೯೮೩ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ವಿದುಷಿಯು ಕಾರ್ಖಾನೆಗಳ ನಿಯಂತ್ರಣವನ್ನು ಕುರಿತು ಎತ್ತಿ ತೋರಿಸಿದ ಈ ವಿಪರ್ಯಾಸವು ಕಾರಿಗೂ ಸಲ್ಲುತ್ತದೆ.

ಈ ಮಾತು ಪುಸ್ತಕದ ಮಾತಷ್ಟೇ ಅಲ್ಲವೆಂಬುದಕ್ಕೆ ಪ್ರಕೃತ ಲೇಖಕನ ಅನುಭವವೊಂದನ್ನು ಇಲ್ಲಿ ಹೇಳಬಹುದು. ಎರಡು ವರ್ಷಗಳ ಕಾಲ ಆಟೋ ಹೋಲ್ಡ್ ಇರುವ ಕಾರನ್ನು ನಡೆಸಿದ ಮೇಲೆ, ಒಂದು ದಿನ ಬಂಧುಗಳೊಬ್ಬರ ಹಳೆಯ ಕಾರಿನಲ್ಲಿ ಕೋಲಾರದಿಂದ ಹೋಳೂರಿನ ಕಡೆಗೆ ಹೋಗಬೇಕಾಯಿತು. ದಾರಿಯ ಒಂದು ಏರಿನಲ್ಲಿ, ಎದುರಿನಿಂದ ಟೊಮ್ಯಾಟೊ ಕ್ರೇಟುಗಳನ್ನು ತುಂಬಿಕೊಂಡು ಬಂದ ಟ್ರಾಕ್ಟರಿಗೆ ಎಡೆಗೊಡಲೆಂದು ಕಾರನ್ನು ನಿಲ್ಲಿಸಿದುದಾಯಿತು. ಎಡಗಾಲು ಕ್ಲಚ್ಚಿನ ಮೇಲೆಯೇ ಇತ್ತು. ಬಲಗಾಲು ಮಾತ್ರ ಯಾವ ಯೋಚನೆಯೂ ಇಲ್ಲದೆ ಬ್ರೇಕಿನಿಂದ ಮೇಲೆದ್ದಿತು. ಕಾರು ಹಿಂದಕ್ಕೆ ಸರಿಯುತ್ತಿದೆಯೆಂಬುದು ತಿಳಿದುದು ಹಿಂದಿನಿಂದ ಬಂದ ಕೂಗಿನಿಂದ. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆಯ ಅಂಚಿಗೆ ಹಾರಿ ನಿಂತಿದ್ದಳು. ಬ್ರೇಕನ್ನು ಮತ್ತೆ ಒತ್ತುವಷ್ಟರಲ್ಲಿ ಕಾರು ಒಂದು ಗಜದಷ್ಟು ಉರುಳಿತ್ತು. "ಹಿಂದೆ ಜನ ಬರ್ತಾರೆ ಅಂತ ನೋಡ್ಬಾರ್ದಾ ಸ್ವಾಮಿ?" ಎಂದು ಕೇಳಿ ಆಕೆ ಹೊರೆಯನ್ನು ಸರಿಪಡಿಸಿಕೊಂಡು ನಡೆದುಹೋದಳು. ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಕಾರಿನ ದೋಷವೇನೂ ಇರಲಿಲ್ಲ; ಇಲ್ಲದ ಸಹಾಯಕನನ್ನು ಕಾಲು ನಂಬಿದ್ದಿತು.

೫. ಕಲಿಯುವ ಕ್ರಮ

ಹೊಸದಾಗಿ ಕಲಿಯುವವರು ಮೊದಲು ವಾಹನಗಳಿಲ್ಲದ ಸಮನಾದ ಬಯಲಿನಲ್ಲಿ ತೊಡಗಬೇಕು. ಸೀಟುಬೆಲ್ಟನ್ನು ಹಾಕಿ, ಬಾಗಿಲನ್ನು ಮುಚ್ಚಿ, ಎಂಜಿನನ್ನು ಹೊರಡಿಸಿ, ಗುಂಡಿಯನ್ನು ಒತ್ತಬೇಕು. ನಿಧಾನವಾಗಿ ಸಾಗಿ, ಬ್ರೇಕನ್ನು ಒತ್ತಿ ಪೂರ್ತಿಯಾಗಿ ನಿಲ್ಲಿಸಬೇಕು. ಕೆಲವು ಕಾರುಗಳಲ್ಲಿ ನಿಂತ ಮೇಲೆ ಪೆಡಲನ್ನು ಇನ್ನೂ ತುಸು ಬಲವಾಗಿ ಒತ್ತಿದರೆ ಮಾತ್ರ ಹಿಡಿತವು ಬರುತ್ತದೆ. ದೀಪವನ್ನು ನೋಡಿದ ಬಳಿಕವೇ ಕಾಲನ್ನು ಎತ್ತಬೇಕು. ಎತ್ತುವಾಗಲೂ ಥಟ್ಟನೆ ಎತ್ತದೆ, ಮೆಲ್ಲಮೆಲ್ಲನೆ ಸಡಿಲಿಸಿ, ಕಾರು ಕದಲಲಿಲ್ಲವೆಂಬುದನ್ನು ದಿಟಪಡಿಸಿಕೊಳ್ಳಬೇಕು. 'ನಿಂತಿತು, ನೋಡಿದೆ, ಬಿಟ್ಟೆ' ಎಂಬ ಈ ಮೂರು ಹೆಜ್ಜೆಗಳ ಕ್ರಮವು ತಪ್ಪದಂತೆ ರೂಢಿಯಾಗಬೇಕು.

ಎರಡನೆಯ ಪಾಠವು ಹೊರಡುವುದನ್ನು ಕುರಿತುದು. ಆಟೋಮ್ಯಾಟಿಕ್ ಗೇರಿನ ಕಾರು ಬ್ರೇಕನ್ನು ಬಿಟ್ಟೊಡನೆ ತಾನಾಗಿ ಮೆಲ್ಲಗೆ ತೆವಳುವುದು ವಾಡಿಕೆ. ಆಟೋ ಹೋಲ್ಡ್ ಹಿಡಿದಿರುವಾಗ ಅದು ತೆವಳುವುದಿಲ್ಲ. ಕಾರು ಏಳಲಿಲ್ಲವೆಂದು ಹೊಸಬರು ಆಕ್ಸಿಲರೇಟರನ್ನು ಜೋರಾಗಿ ಒತ್ತುತ್ತಾರೆ. ಹಿಡಿತವು ಬಿಟ್ಟ ಕೂಡಲೆ ಕಾರು ಮುಂದಕ್ಕೆ ನೆಗೆಯುತ್ತದೆ. ಪೆಡಲನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಹಗುರವಾಗಿ ಒತ್ತಿ, ಹಿಡಿತವು ತಾನಾಗಿ ಬಿಡುವವರೆಗೂ ಕಾಯುವುದನ್ನು ಕಲಿಯಬೇಕು. ಇದು ಕೈವಶವಾದ ಮೇಲೆ, ಹಿಂದೆ ಮುಂದೆ ಯಾರೂ ಇಲ್ಲದ ಸಣ್ಣ ಏರಿನಲ್ಲಿ ಅದೇ ಅಭ್ಯಾಸವನ್ನು ಮಾಡಬೇಕು.

ಆಮೇಲೆ ಜನಸಂದಣಿಯ ರಸ್ತೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗಳ ಸುತ್ತ ಸಾಲುಗಟ್ಟುವ ಲಾರಿ, ಟ್ರಾಕ್ಟರುಗಳ ನಡುವೆ, ರೈಲ್ವೆ ಗೇಟಿನ ಮುಂದೆ, ಬೆಂಗಳೂರಿನ ಕೆಂಪುದೀಪಗಳ ಎದುರಿಗೆ, ಈ ಏರ್ಪಾಡಿನ ಉಪಕಾರವು ನಿಜವಾಗಿ ದೊಡ್ಡದು. ಮಂಡಿನೋವಿರುವವರಿಗೂ ವಯಸ್ಸಾದವರಿಗೂ ಇದರಿಂದ ಆಗುವ ನೆಮ್ಮದಿಯನ್ನು ಅಲ್ಲಗಳೆಯಲಾಗದು. ಹಿಡಿತವಿರುವಷ್ಟು ಹೊತ್ತೂ ಹಿಂಬದಿಯ ಬ್ರೇಕ್ ದೀಪಗಳು ಉರಿಯುತ್ತಲೇ ಇರುವುದರಿಂದ ಹಿಂದೆ ಬರುವವನಿಗೂ ಸೂಚನೆ ಸಿಗುತ್ತದೆ. ಆದರೆ ಇಂಥ ಸಾಲುಗಳಲ್ಲಿ ಎರಡು ಕಾರುಗಳ ನಡುವಿನ ಕಿರಿದಾದ ಎಡೆಯಲ್ಲಿ ಜನರು ದಾಟುತ್ತಿರುತ್ತಾರೆಂಬುದನ್ನು ಮರೆಯಲಾಗದು. ಕಾಲಿಗೆ ಬಿಡುವು ದೊರೆತುದು ಗಮನಕ್ಕೆ ಬಿಡುವು ದೊರೆತಂತಲ್ಲ. ಕೈಗೆ ಮೊಬೈಲನ್ನು ತೆಗೆದುಕೊಳ್ಳುವುದಕ್ಕಂತೂ ಅದು ಅಪ್ಪಣೆಯಲ್ಲ. ಏನನ್ನೋ ಎತ್ತಿಕೊಳ್ಳಲು ಬಗ್ಗಿದಾಗ ಕಾಲು ಆಕ್ಸಿಲರೇಟರನ್ನು ತಾಕಿದರೆ, ಯಂತ್ರವು ಅದನ್ನು ಹೊರಡುವ ಇಚ್ಛೆಯೆಂದೇ ತಿಳಿಯುತ್ತದೆ.

ಇದನ್ನು ಬಳಸಬಾರದ ಸಂದರ್ಭಗಳೂ ಇವೆ. ಇಕ್ಕಟ್ಟಾದ ಷೆಡ್ಡಿನೊಳಗೆ ಗೇಣುಗೇಣಾಗಿ ಕಾರನ್ನು ಸರಿಸುವಾಗ ತೆವಳುವ ಚಲನೆಯೇ ಬೇಕಾಗುವುದರಿಂದ ಏರ್ಪಾಡನ್ನು ಆರಿಸಿಡಬೇಕು. ಕಾರನ್ನು ಎಳೆದೊಯ್ಯುವಾಗಲೂ, ಗಾಲಿಗಳು ಉರುಳಲೇಬೇಕಾದ ಯಾಂತ್ರಿಕ ತೊಳೆಯುವ ಸ್ಥಳಗಳಲ್ಲಿಯೂ ಹಾಗೆಯೇ. ಮಳೆಗಾಲದ ಕೆಸರಿನ ಇಳಿಜಾರಿನಲ್ಲಿ ಬ್ರೇಕು ಗಾಲಿಯನ್ನು ಹಿಡಿಯಬಲ್ಲುದೇ ಹೊರತು ಟೈರು ನೆಲವನ್ನು ಹಿಡಿಯುವಂತೆ ಮಾಡಲಾರದು. ಗಾಲಿ ತಿರುಗದಿದ್ದರೂ ಕಾರು ಜಾರಬಹುದು. ಕಾರಿನಿಂದ ಇಳಿಯುವ ಮುನ್ನ, ಏರ್ಪಾಡು ತಾನೇ ಪಾರ್ಕಿಂಗ್ ಬ್ರೇಕನ್ನು ಹಾಕುತ್ತದೆಂದು ಗೊತ್ತಿದ್ದರೂ, ಗೇರನ್ನು ಪಾರ್ಕಿಂಗಿಗೆ ತಂದು, ಪಾರ್ಕಿಂಗ್ ಬ್ರೇಕನ್ನು ಸ್ವಹಸ್ತದಿಂದ ಹಾಕಿ, ಅದರ ದೀಪವನ್ನು ನೋಡಿಯೇ ಇಳಿಯತಕ್ಕದ್ದು.

ಕೊನೆಯದಾಗಿ ಒಂದು ಸಲಹೆ. ವಾರಕ್ಕೊಮ್ಮೆಯಾದರೂ ಗುಂಡಿಯನ್ನು ಆರಿಸಿ, ಬರಿಯ ಕಾಲಿನಿಂದಲೇ ಕಾರನ್ನು ಹಿಡಿದು ನಡೆಸುವುದು ಒಳ್ಳೆಯದು. ಬೇರೆಯವರ ಕಾರನ್ನು ನಡೆಸಬೇಕಾದಾಗ, ಹೊರಡುವುದಕ್ಕೆ ಮುಂಚೆ, 'ಇದರಲ್ಲಿ ಹಿಡಿಯುವವರು ಯಾರು, ನಾನೋ ಯಂತ್ರವೋ?' ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಚಾಲನೆಯನ್ನು ಕಲಿಸುವವರು ಹೊಸ ಕಾರಿನಲ್ಲಿ ಕಲಿಸುವಾಗಲೂ ಏರಿನ ಪಾಠವನ್ನು ಬಿಡಬಾರದು. ಗುಂಡಿಯಿದೆಯೆಂದು ಆ ಪಾಠವನ್ನು ಬಿಟ್ಟರೆ, ಕಲಿತವನು ಆ ಒಂದು ಕಾರಿಗೆ ಮಾತ್ರ ಚಾಲಕನಾಗುತ್ತಾನೆ.

ತೂಬು ಎಷ್ಟೇ ಗಟ್ಟಿಯಾಗಿದ್ದರೂ ಊರಿನವರು ನೀರುಗಂಟಿಯನ್ನು ಬಿಡುತ್ತಿರಲಿಲ್ಲ. ತೂಬು ನೀರನ್ನು ಹಿಡಿಯುತ್ತದೆ; ಹಿಡಿದಿದೆಯೇ ಎಂದು ನೋಡುವುದು ನೀರುಗಂಟಿಯ ಕೆಲಸ. ಆಟೋ ಹೋಲ್ಡ್ ಇರುವ ಕಾರಿನ ಚಾಲಕನು ಬಿಟ್ಟುಕೊಟ್ಟಿರುವುದು ಹಿಡಿಯುವ ಶ್ರಮವನ್ನು ಮಾತ್ರ. ನೋಡುವ ಹೊಣೆಯು ಅವನಲ್ಲಿಯೇ ಉಳಿದಿದೆ. ಅವನ ಕಾರಿನ ಹಿಂದೆ ಹೊರೆ ಹೊತ್ತು ನಡೆದುಬರುವವರ ಕ್ಷೇಮವು ಆ ಹೊಣೆಯನ್ನೇ ನಂಬಿಕೊಂಡಿರುತ್ತದೆ.